ಲಂಗರು ಕಂಡರೆ ಬರ್ಮಿಂಗ್‌ಹ್ಯಾಮೇ?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ನನ್ನ ಹಳೇ ಬೆಳ್ಳಿ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಇಲ್ಲೇ ಮ್ಯಾಸಚೂಸೆಟ್ಸ್‌ನಲ್ಲಿ ಹಳೇ ಸಾಮಾನಿನ ಸಂತೆಗೆ ಹೋಗಿದ್ದೆ. ಒಂದು ಸೊಗಸಾದ ಸೌಟಿಗೆ ಚೀಟಿ ಕಟ್ಟಿದ್ದರು: ‘ಇಂಗ್ಲೆಂಡ್, ಬರ್ಮಿಂಗ್‌ಹ್ಯಾಮ್, ಸ್ಟರ್ಲಿಂಗ್’. ಸ್ಟರ್ಲಿಂಗ್ ಅಂದರೆ ಸಾವಿರ ಪಾಲಿಗೆ 925 ಪಾಲು ಶುದ್ಧ ಬೆಳ್ಳಿ.

ಹಿಡಿಯ ಬೆನ್ನಿಗೆ ಭೂತಗನ್ನಡಿ ಹಿಡಿದೆ. ಮೂರೇ ಮುದ್ರೆ. ಸಿಂಹ, ಲಂಗರು, ಹಳೇ ಶೈಲಿಯ ‘ಜಿ’. ಅಂಗಡಿಯವರು ಇಂಗ್ಲೆಂಡಿನ ಮುದ್ರೆಗಳ ಲೆಕ್ಕದಲ್ಲಿ ಸಿಂಹಕ್ಕೆ ಸ್ಟರ್ಲಿಂಗ್, ಲಂಗರಿಗೆ ಬರ್ಮಿಂಗ್‌ಹ್ಯಾಮ್, ‘ಜಿ’ಗೆ ವರ್ಷದ ಅಕ್ಷರ ಅಂತ ಓದಿಕೊಂಡಿದ್ದಾರೆ. ಆ ‘ಜಿ’ ಅಂದರೆ ಗೋರಂ! 1831ರಲ್ಲಿ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ಶುರುವಾದ ಬೆಳ್ಳಿ ಸಾಮಾನಿನ ಕಂಪನಿ. ಲಂಗರು ಅವರ ರೋಡ್ ಐಲೆಂಡ್ ರಾಜ್ಯದ ಲಾಂಛನವೇ. ಆ ಕಾಲದ ಇಂಗ್ಲೆಂಡಿನ ಬೆಳ್ಳಿಯಾಗಿದ್ದರೆ ತಯಾರಕರ ಇನಿಷಿಯಲ್ ಎಲ್ಲಿ? 1784ರಿಂದ 1890ರವರೆಗೆ ಸುಂಕ ಕಟ್ಟಿದ್ದಕ್ಕೆ ಒತ್ತುತ್ತಿದ್ದ ರಾಜನ ಇಲ್ಲವೇ ರಾಣಿಯ ತಲೆ ಎಲ್ಲಿ?

ಇನ್ನೂ ಒಂದು. ‘ಸ್ಟರ್ಲಿಂಗ್’ ಎಂಬ ಪದ ಆ ಸೌಟಿನ ಮೇಲೆ ಎಲ್ಲೂ ಇರಲಿಲ್ಲ. ಗೋರಂ 925ರ ಮಟ್ಟಕ್ಕೆ ಬಂದದ್ದೇ 1868ರಲ್ಲಿ. ಅದಕ್ಕೂ ಹಿಂದಿನದು ಕಾಯಿನ್ ಸಿಲ್ವರ್, ಅಂದರೆ ಸಾವಿರಕ್ಕೆ 900 ಪಾಲು. ಸಿಂಹ ಇದೆ ಅಂತ ಸ್ಟರ್ಲಿಂಗ್ ಬೆಲೆ ಕೇಳುವುದು ತಪ್ಪಲ್ಲವೇ?

ಅಮೆರಿಕದಲ್ಲಿ ಇಂಗ್ಲೆಂಡಿನಂಥ ಬೆಳ್ಳಿಯ ಶುದ್ಧತೆಯ ಅಧಿಕೃತ ಪರೀಕ್ಷೆ ದೇಶಕ್ಕೆಲ್ಲ ಇರಲೇ ಇಲ್ಲ, 1814ರಿಂದ 1830ರವರೆಗೆ ಬಾಲ್ಟಿಮೋರ್ ಒಂದನ್ನು ಬಿಟ್ಟರೆ. ಹಾಗಾಗಿ ಅಕ್ಕಸಾಲಿಗಳು ಗಿರಾಕಿಯ ಕಣ್ಣಿಗೆ ಒಪ್ಪುವಂಥ ಚಿತ್ರ ತಾವೇ ಒತ್ತಿಕೊಂಡರು. ಕೆನಡಾದ ಮಾಂಟ್ರಿಯಲ್‌ನ ಅಕ್ಕಸಾಲಿ ರಾಬರ್ಟ್ ಹೆಂಡರಿಯ ಬೆಳ್ಳಿಯ ಮೇಲೂ ಸಿಂಹವಿದೆ, ರಾಜಮುಖವಿದೆ. ಅದನ್ನೂ ಇಂಗ್ಲೆಂಡಿಗೆ ಕಟ್ಟುವವರಿದ್ದಾರೆ.

‘ಬೆಳ್ಳಿ ಬೆಳ್ಳಿಯೇ ಅಲ್ವಾ, ಯಾವ ಊರಿನದಾದರೇನು’ ಅಂದರು ಪಕ್ಕದಲ್ಲಿದ್ದವರೊಬ್ಬರು. ಊರು ಬೇಡವಾದರೆ ಚೀಟಿಯಲ್ಲಿ ಬರ್ಮಿಂಗ್‌ಹ್ಯಾಮ್ ಯಾಕೆ? ಪ್ರಾವಿಡೆನ್ಸ್‌ನ ಕೆಲಸಗಾರ ಬಡಿದು ತಿದ್ದಿದ ಸೌಟು ಅದು. ಅವನ ಊರನ್ನೇ ಅಳಿಸಿ ಇನ್ನೊಂದು ಊರಿನ ಹೆಸರಲ್ಲಿ ಮಾರುತ್ತಾರೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಇಷ್ಟು ಸಿಟ್ಟು ಯಾಕೆ ಅಂದರೆ, ಎಂಟು ವರ್ಷದ ಹಿಂದೆ ಇದೇ ಮೂರು ಮುದ್ರೆಯ ಆರು ಚಮಚ ಕೊಂಡು, ‘ಇಂಗ್ಲೆಂಡಿನದು ಅಮ್ಮ’ ಅಂತ ಊರಿಗೆ ಒಯ್ದು ಕೊಟ್ಟಿದ್ದೆ. ಅಮ್ಮ ಅದನ್ನು ಹಬ್ಬಕ್ಕೆ ಮಾತ್ರ ತೆಗೆಯುತ್ತಾರೆ, ಬಂದವರಿಗೆಲ್ಲ ಹಾಗೇ ಹೇಳುತ್ತಾರೆ. ನಿಜ ಗೊತ್ತಾದ ಮೇಲೂ ಹೇಳಲು ಬಾಯಿ ಬಂದಿಲ್ಲ. ಈ ಭಾನುವಾರ ಫೋನ್ ಮಾಡಿದಾಗ ಪ್ರಾವಿಡೆನ್ಸ್ ಹೆಸರು ಹೇಳುತ್ತೇನೆ.