ಕಂಪ್ಯೂಟರ್‌ಗಳು ಬಂದವು, ನೋಡಿಕೊಳ್ಳುವವರು ಬರಲಿಲ್ಲ

ಕಳೆದ ಜುಲೈ ತಿಂಗಳಲ್ಲಿ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ 32 ಯಂತ್ರಗಳ ಪೈಕಿ ಒಂಬತ್ತರಲ್ಲಿ ಒಂದರ ಹಿಂದೊಂದರಂತೆ ‘ನೆಟ್ ಬರುತ್ತಿಲ್ಲ’ ಎಂದು ವಿದ್ಯಾರ್ಥಿಗಳು ಹೇಳತೊಡಗಿದರು. ಕೇಬಲ್ ಬದಲಾಯಿಸಿದೆವು, ರೂಟರ್ ಆರಿಸಿ ಮತ್ತೆ ಹಾಕಿದೆವು, ಸಂಪರ್ಕ ಕೊಟ್ಟವರಿಗೆ ಮೂರು ಸಲ ಫೋನ್ ಮಾಡಿದೆವು. ಅವರ ಕಡೆಯಿಂದ ಬಂದ ಹುಡುಗ ಎಲ್ಲವನ್ನೂ ಪರೀಕ್ಷಿಸಿ, ಲೈನ್ ಸರಿಯಾಗಿಯೇ ಇದೆ ಎಂದು ಹೇಳಿ ಹೋದ. ಹತ್ತು ದಿನ ಕಳೆದ ಮೇಲೆ ಒಂದು ಸಂಜೆ ತೆರೆಯ ಬಲಮೂಲೆಯತ್ತ ಕಣ್ಣು ಹೋದಾಗ, ಅಲ್ಲಿದ್ದ ದಿನಾಂಕ 2016ರ ಜನವರಿ 1 ಆಗಿತ್ತು.

ಕಂಪ್ಯೂಟರಿನ ಮದರ್‌ಬೋರ್ಡಿನ (ಬಿಡಿಭಾಗಗಳೆಲ್ಲ ಕೂರುವ ಮುಖ್ಯ ಹಲಗೆಯ) ಮೇಲೆ ನಾಣ್ಯದಷ್ಟು ದೊಡ್ಡದಾದ, ಮೂರು ವೋಲ್ಟಿನ ಒಂದು ಸೆಲ್ ಇರುತ್ತದೆ. ನಾವು ಸಂಜೆ ಬೀಗ ಹಾಕುವಾಗ ಲ್ಯಾಬಿನ ಮೇನ್ ಸ್ವಿಚ್ಚನ್ನೇ ಆರಿಸುವುದರಿಂದ, ಬೆಳಗಾಗುವವರೆಗೆ ಯಂತ್ರದೊಳಗಿನ ಗಡಿಯಾರ ನಡೆಯುವುದು ಆ ಸೆಲ್ಲಿನ ಬಲದಿಂದಲೇ. ಅದು ಸತ್ತರೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, 2016ರಲ್ಲಿ ಕುಳಿತಿರುವ ಬ್ರೌಸರಿಗೆ ಇಂದಿನ ಪ್ರಮಾಣಪತ್ರ ಒಪ್ಪಿಗೆಯಾಗುವುದಿಲ್ಲ, ಪುಟ ತೆರೆಯುವುದೂ ಇಲ್ಲ. ಗಡಿಯಾರದ ಅಂಗಡಿಯಲ್ಲಿ ಸಿಗುವ ಆ ಸೆಲ್ಲುಗಳನ್ನು ತಂದು, ಒಂಬತ್ತು ಕ್ಯಾಬಿನೆಟ್ಟುಗಳನ್ನು ಬಿಚ್ಚಿ ಹಾಕಲು ನನಗೆ ಒಂದು ಮಧ್ಯಾಹ್ನ ಸಾಕಾಯಿತು. ಅಷ್ಟು ಸಣ್ಣ ಕೆಲಸಕ್ಕಾಗಿ ಬಿಸಿಎ ಮಕ್ಕಳು ಹತ್ತು ದಿನ ಪ್ರಾಯೋಗಿಕ ತರಗತಿ ಕಳೆದುಕೊಂಡದ್ದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪದವಿ ಕಾಲೇಜಿನಲ್ಲಿ ಗಣಕವಿಜ್ಞಾನ ಕಲಿಸುತ್ತೇನೆ. ಪಾಠದ ಜೊತೆಗೆ ಲ್ಯಾಬಿನ ಉಸ್ತುವಾರಿಯೂ ನನ್ನದೇ. ಹತ್ತಾರು ಕಾಲೇಜುಗಳ ಸ್ನೇಹಿತರೊಡನೆ ಮಾತಾಡಿ ನಾನು ಕಂಡುಕೊಂಡದ್ದು ಇಷ್ಟು: ನಮ್ಮಲ್ಲಿ ಕಂಪ್ಯೂಟರ್ ಕೊಳ್ಳುವುದಕ್ಕೆ ಹೇಗೋ ಅನುದಾನ ಬರುತ್ತದೆ, ಟೆಂಡರಿಗೋ ಸರ್ಕಾರಿ ಖರೀದಿ ಪೋರ್ಟಲ್ ಜೆಮ್‌ಗೋ ದಾರಿ ಇರುತ್ತದೆ, ಉದ್ಘಾಟನೆಯ ಫೋಟೋವೂ ಬರುತ್ತದೆ. ಆದರೆ ಮರುದಿನದಿಂದ ಅವುಗಳನ್ನು ನೋಡಿಕೊಳ್ಳುವುದು ಯಾರ ಕೆಲಸ ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ. ವಾರಂಟಿಯ ಮೂರು ವರ್ಷ ಮುಗಿದ ಮೇಲೆ ವಾರ್ಷಿಕ ನಿರ್ವಹಣೆಯ ಒಪ್ಪಂದ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಒಬ್ಬ ಸಹಾಯಕರು ಬೇಕೆಂದು ಯಾರೂ ವಾದಿಸಬೇಕಾಗಿಲ್ಲ. ಕಂಪ್ಯೂಟರ್ ಲ್ಯಾಬಿಗೆ ಮಾತ್ರ, ‘ನೀವೇ ಇದ್ದೀರಲ್ಲ ಸಾರ್’ ಎಂಬ ಮಾತಿನಲ್ಲಿ ಎಲ್ಲವೂ ಮುಗಿದುಹೋಗುತ್ತದೆ.

ಇದು ಈಗ ಇನ್ನಷ್ಟು ಕಾಡುವುದಕ್ಕೆ ಕಾರಣವಿದೆ. ನಮ್ಮ ಯಂತ್ರಗಳಲ್ಲಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಒಂದೆರಡು ವಿನಾಯಿತಿ ಬಿಟ್ಟು ಎಂಟನೆಯ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ನಮ್ಮಲ್ಲಿರುವುದು ಆರನೆಯ ತಲೆಮಾರಿನ ಐ3, ನಾಲ್ಕು ಜಿಬಿ ರ‍್ಯಾಮ್, ತಿರುಗುವ ಹಾರ್ಡ್‌ಡಿಸ್ಕ್. ಈ ಸುದ್ದಿ ಸಿಬ್ಬಂದಿ ಸಭೆಗೆ ಬಂದಾಗ ಹೆಚ್ಚಿನವರ ಅಭಿಪ್ರಾಯ ಒಂದೇ ಆಗಿತ್ತು: ಎಲ್ಲವನ್ನೂ ನಿರುಪಯುಕ್ತವೆಂದು ಬರೆದು ಹಾಕಿ ಹೊಸದಕ್ಕೆ ಪ್ರಸ್ತಾವನೆ ಕಳಿಸೋಣ. ಆ ಪ್ರಸ್ತಾವನೆ ಮಂಜೂರಾಗಿ ಹೊಸ ಯಂತ್ರ ಬರುವವರೆಗೆ ಮಕ್ಕಳು ಏನು ಮಾಡಬೇಕು ಎಂದು ಕೇಳಿದಾಗ ಸಭೆ ಮುಂದಿನ ವಿಷಯಕ್ಕೆ ಹೋಯಿತು.

ನಾನು ಅಷ್ಟಕ್ಕೆ ಬಿಡಲಿಲ್ಲ. ಪ್ರಾಂಶುಪಾಲರ ಒಪ್ಪಿಗೆ ಪಡೆದು, ಒಂದು ಯಂತ್ರದ ಹಾರ್ಡ್‌ಡಿಸ್ಕ್ ತೆಗೆದು ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿ, ರ‍್ಯಾಮನ್ನು ಎಂಟು ಜಿಬಿಗೆ ಏರಿಸಿದೆ. ಕ್ಯಾಬಿನೆಟ್ಟಿನ ಪಕ್ಕದ ಹಾಳೆ ತೆಗೆದಾಗ ಪ್ರೊಸೆಸರಿನ ಫ್ಯಾನಿನ ರೆಕ್ಕೆಗಳ ನಡುವೆ ಧೂಳು ಹಳೆಯ ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕೂತಿತ್ತು, ಅದರಡಿಯಲ್ಲಿ ಪ್ರೊಸೆಸರಿನ ಬಿಸಿಯನ್ನು ಹೊರಸಾಗಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಾಗಿತ್ತು. ಯಂತ್ರ ನಿಧಾನವಾಗಿದ್ದುದಕ್ಕೆ ವಯಸ್ಸಷ್ಟೇ ಕಾರಣವಲ್ಲ, ಬಿಸಿಯಾದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಧೂಳು ತೆಗೆದು, ಪೇಸ್ಟ್ ಬಳಿದು, ರ‍್ಯಾಮಿನ ಹಿತ್ತಾಳೆ ಬಣ್ಣದ ತುದಿಗಳನ್ನು ರಬ್ಬರಿನಿಂದ ಮೃದುವಾಗಿ ಉಜ್ಜಿ ಮತ್ತೆ ಜೋಡಿಸಿದೆ. ಮೊದಲು ನಾಲ್ಕು ನಿಮಿಷ ಹಿಡಿಯುತ್ತಿದ್ದ ಯಂತ್ರ ಈಗ ಅರ್ಧ ನಿಮಿಷದೊಳಗೆ ತೆರೆದುಕೊಳ್ಳುತ್ತದೆ. ಅದರಲ್ಲಿ ವಿಂಡೋಸ್ ಬದಲು ಉಬುಂಟು ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿದ್ದೇನೆ. ಸಿ, ಪೈಥಾನ್, ಜಾವಾ, ಡೇಟಾಬೇಸ್, ಬಿಸಿಎ ಲ್ಯಾಬಿಗೆ ಬೇಕಾದ ಎಲ್ಲವೂ ಅದರಲ್ಲಿ ನಡೆಯುತ್ತದೆ, ಯೂನಿಕೋಡ್ ಕನ್ನಡವೂ ಸಲೀಸಾಗಿ ಮೂಡುತ್ತದೆ. ಖರ್ಚಾದದ್ದು ಹೊಸ ಕಂಪ್ಯೂಟರಿನ ಬೆಲೆಯ ಸಣ್ಣದೊಂದು ಪಾಲು ಮಾತ್ರ.

ವಾಣಿಜ್ಯ ವಿಭಾಗದವರಿಗೆ ಲೆಕ್ಕಪತ್ರದ ಟ್ಯಾಲಿ ಬೇಕು, ಕಚೇರಿಯವರಿಗೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿದ ಹಳೆಯ ಕಡತಗಳು ಬೇಕು, ಆದ್ದರಿಂದ ಎಲ್ಲೆಡೆ ವಿಂಡೋಸ್ ಬಿಡಲಾಗದು ಎಂಬುದು ನನಗೆ ಗೊತ್ತು. ಅಲ್ಲಿಗೂ ದಾರಿ ಇತ್ತು. ಶಿಕ್ಷಣ ಸಂಸ್ಥೆಗಳ ಪರವಾನಗಿ ಹೊಂದಿದವರಿಗೆ ವಿಂಡೋಸ್ 10ರ ಭದ್ರತಾ ಅಪ್‌ಡೇಟನ್ನು ಮೂರು ವರ್ಷದವರೆಗೆ ಮುಂದುವರಿಸುವ ಅವಕಾಶವನ್ನು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಅದಕ್ಕೆ ಒಂದು ಯಂತ್ರಕ್ಕೆ ಮೊದಲ ವರ್ಷ 1 ಡಾಲರ್, ಎರಡನೆಯ ವರ್ಷ 2, ಮೂರನೆಯ ವರ್ಷ 4. ಈ ವಿಷಯ ನನಗೆ ತಿಳಿದದ್ದು ಉಚಿತ ಅಪ್‌ಡೇಟ್ ನಿಂತ ಮೇಲೆ. ಇಂಥದ್ದನ್ನು ಮುಂಚಿತವಾಗಿ ತಿಳಿದುಕೊಳ್ಳುವುದು ನಮ್ಮ ಕಾಲೇಜಿನಲ್ಲಿ ಯಾರ ಕರ್ತವ್ಯವೂ ಆಗಿರಲಿಲ್ಲ. ನಾನು ವಾರಕ್ಕೆ ಹದಿನಾರು ಗಂಟೆ ಪಾಠ ಮಾಡಿ, ವಿಶ್ವವಿದ್ಯಾಲಯ, ಕಾಲೇಜುಗಳ ಕೆಲಸ ನಡೆಯುವ ಯುಯುಸಿಎಂಎಸ್ ಪೋರ್ಟಲಿನಲ್ಲಿ ಅಂಕ ತುಂಬಿಸಿ, ಪ್ರವೇಶಾತಿ ಸಮಯದಲ್ಲಿ ಮಕ್ಕಳ ಅರ್ಜಿ ತಿದ್ದಿಸಿ, ಉಳಿದ ಹೊತ್ತಿನಲ್ಲಿ ಸ್ಕ್ರೂಡ್ರೈವರ್ ಹಿಡಿಯುತ್ತೇನೆ. ಈ ಕೆಲಸವನ್ನು ನಾನು ಪ್ರೀತಿಯಿಂದಲೇ ಮಾಡುತ್ತೇನೆ. ಆದರೆ ಒಬ್ಬರ ಪ್ರೀತಿಯನ್ನು ನಂಬಿಕೊಂಡು ನೂರಾರು ಮಕ್ಕಳ ಕಲಿಕೆಯನ್ನು ನಡೆಸಬಾರದು.

ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳು ಬಹಳ ಹಿಂದೆಯೇ ಉಬುಂಟುವಿನಂಥ, ಯಾರು ಬೇಕಾದರೂ ಬಳಸಿ ಹಂಚಬಹುದಾದ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿದವು. ಅದು ಉಳಿದುಕೊಂಡದ್ದು ತಂತ್ರಾಂಶ ಉಚಿತ ಎಂಬ ಒಂದೇ ಕಾರಣಕ್ಕಲ್ಲ. ಶಿಕ್ಷಕರಿಗೆ ತರಬೇತಿ ಕೊಡುವ, ಶಾಲೆಗಳ ತಾಂತ್ರಿಕ ಅಗತ್ಯಗಳನ್ನು ನೋಡಿಕೊಳ್ಳುವ ಕೈಟ್ ಎಂಬ ಸಂಸ್ಥೆಯನ್ನೇ ಅಲ್ಲಿನ ಸರ್ಕಾರ ಕಟ್ಟಿದೆ. 2018ರಲ್ಲಿ ‘ಲಿಟಲ್ ಕೈಟ್ಸ್’ ಹೆಸರಿನಲ್ಲಿ ಶಾಲೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ನೆರವಾಗುವ ವಿದ್ಯಾರ್ಥಿಗಳ ಕೂಟಗಳನ್ನೂ ಆರಂಭಿಸಿದರು. ಪ್ರೌಢಶಾಲೆಯ ಮಕ್ಕಳನ್ನು ಅಷ್ಟು ನಂಬಬಹುದಾದರೆ, ನಮ್ಮ ಬಿಸಿಎ ಅಂತಿಮ ವರ್ಷದವರ ಕೈಗೆ ಸ್ಕ್ರೂಡ್ರೈವರ್ ಕೊಡಲು ನಾವೇಕೆ ಅಂಜಬೇಕು? ಕಳೆದ ತಿಂಗಳು ನಾಲ್ವರು ಹುಡುಗಿಯರು ನನ್ನ ಜೊತೆ ನಿಂತು ಆರು ಯಂತ್ರಗಳನ್ನು ಸರಿಮಾಡಿದರು. ಅವರಲ್ಲಿ ಒಬ್ಬಳು, ‘ಸಾರ್, ಮೂರು ವರ್ಷದಿಂದ ಓದ್ತಾ ಇದೀನಿ, ಮದರ್‌ಬೋರ್ಡ್ ಕಣ್ಣಾರೆ ನೋಡಿದ್ದು ಇವತ್ತೇ’ ಎಂದಳು.

ಹಾಗೆಂದು ವಿದ್ಯಾರ್ಥಿಗಳಿಂದಲೇ ಎಲ್ಲ ಕೆಲಸ ತೆಗೆಸಬೇಕೆಂದು ನಾನು ಹೇಳುತ್ತಿಲ್ಲ. ಯುಪಿಎಸ್ ಬ್ಯಾಟರಿಯ ನೀರು, ತಂತಿ, ಅರ್ತಿಂಗ್ ಮಕ್ಕಳ ಕೈಗೆ ಬಿಡುವ ವಿಷಯಗಳಲ್ಲ. ನನ್ನ ಬೇಡಿಕೆ ಒಂದೇ: ಪ್ರತಿ ಕಾಲೇಜಿಗೆ ಒಬ್ಬರು, ಅದು ಸಾಧ್ಯವಿಲ್ಲದಿದ್ದರೆ ಒಂದು ತಾಲ್ಲೂಕಿನ ಕಾಲೇಜುಗಳಿಗೆಲ್ಲ ಸೇರಿ ಒಬ್ಬರು, ಸಂಬಳ ಪಡೆಯುವ ತಂತ್ರಜ್ಞರು ಬೇಕು. ಯಾವ ಯಂತ್ರವನ್ನು ಉಳಿಸಬೇಕು, ಯಾವುದನ್ನು ಇ-ತ್ಯಾಜ್ಯದ ನಿಯಮದಂತೆ ನೋಂದಾಯಿತ ಸಂಸ್ಥೆಗೆ ಒಪ್ಪಿಸಬೇಕು ಎಂಬುದು ಅವರ ವರದಿಯ ಮೇಲೆ ನಿರ್ಧಾರವಾಗಬೇಕು. ಹೊಸ ಖರೀದಿಗೆ ಅನುದಾನ ಕೊಡುವಾಗ ಅದರದೊಂದು ಭಾಗವನ್ನು ಮುಂದಿನ ವರ್ಷಗಳ ದುರಸ್ತಿಗೆಂದೇ ತೆಗೆದಿಡಬೇಕು.

ನನ್ನ ಬಳಿ ಉದ್ದನೆಯ ಒಂದು ನೋಟ್‌ಬುಕ್ ಇದೆ. ಲ್ಯಾಬಿನ 32 ಕಂಪ್ಯೂಟರುಗಳಿಗೆ ಒಂದೊಂದು ಪುಟ ಇಟ್ಟಿದ್ದೇನೆ; ಯಾವಾಗ ಸೆಲ್ ಬದಲಾಯಿತು, ಯಾವ ದಿನ ಧೂಳು ತೆಗೆದದ್ದು, ಯಾವುದರ ಪವರ್ ಸಪ್ಲೈ ಸದ್ದು ಮಾಡುತ್ತಿದೆ, ಎಲ್ಲವನ್ನೂ ಬರೆದಿದ್ದೇನೆ. ಮುಂದಿನ ವರ್ಗಾವಣೆಯ ಪಟ್ಟಿಯಲ್ಲಿ ನನ್ನ ಹೆಸರು ಬರುವುದು ಬಹುತೇಕ ಖಚಿತ. ಹೋಗುವ ದಿನ ಆ ನೋಟ್‌ಬುಕ್ಕನ್ನು ಯಾರ ಕೈಗೆ ಕೊಟ್ಟು ಹೋಗಲಿ ಎಂದು ಪ್ರಾಂಶುಪಾಲರನ್ನು ಲಿಖಿತವಾಗಿಯೇ ಕೇಳಿದ್ದೇನೆ. ಅವರು ಆ ಪತ್ರವನ್ನು ಇಲಾಖೆಗೆ ಕಳಿಸಿದ್ದಾರೆ.