ನಲ್ಲಿಯ ಪಂಚಾಂಗ, ಸೊಳ್ಳೆಯ ಪಂಚಾಂಗ

ದಾವಣಗೆರೆಯಲ್ಲಿ ಬಾಡಿಗೆ ಮನೆ ನೋಡಲು ಹೋದವರು ಬಾಡಿಗೆಗಿಂತ ಮೊದಲು ಕೇಳುವುದು, "ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರ್ರೀ?" ವಾರಕ್ಕೊಮ್ಮೆ ಅಂದರೆ ಏರಿಯಾ ಪರವಾಗಿಲ್ಲ. ತುಂಗಭದ್ರೆ ಪಕ್ಕದ ಹರಿಹರದಲ್ಲೇ ಹರಿಯುತ್ತಾಳೆ, ಭದ್ರಾ ಕಾಲುವೆಯೂ ದೂರವಿಲ್ಲ. ನಲ್ಲಿಗೆ ಬರಲು ಮಾತ್ರ ಇಬ್ಬರೂ ತಿಥಿ ನೋಡುತ್ತಾರೆ. ಹಾಗಾಗಿ ಮನೆಮನೆಯಲ್ಲೂ 200 ಲೀಟರಿನ ನೀಲಿ ಡ್ರಮ್ಮು.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೂ ಒಂದು ಪಂಚಾಂಗವುಂಟು: ಮೊಟ್ಟೆ ಒಡೆದು ರೆಕ್ಕೆ ಬಲಿಯಲು 7ರಿಂದ 10 ದಿನ. ವಾಲ್ವ್ ತಿರುಗಿಸುವವನೂ ಸೊಳ್ಳೆಯೂ ಒಬ್ಬರೇ ಜೋಯಿಸರ ಹತ್ತಿರ ಮುಹೂರ್ತ ಕೇಳುತ್ತಾರೇನೋ.

ಆರೋಗ್ಯ ಇಲಾಖೆಯ ಕರಪತ್ರ ಹೇಳುತ್ತದೆ: ವಾರಕ್ಕೊಮ್ಮೆ ನೀರು ಚೆಲ್ಲಿ, ತಿಕ್ಕಿ, ಒಣಗಿಸಿ. ತಪ್ಪೇನಿಲ್ಲ. ಈಡಿಸ್ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಅಂಚಿಗಿಂತ ತುಸು ಮೇಲೆ, ಡ್ರಮ್ಮಿನ ಒದ್ದೆ ಗೋಡೆಗೆ. ಬರೀ ಚೆಲ್ಲಿದರೆ ಮೊಟ್ಟೆ ಅಲ್ಲೇ ಅಂಟಿರುತ್ತದೆ, ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ. ತೆಂಗಿನ ನಾರಿನಿಂದ ಗಸಗಸ ತಿಕ್ಕಲೇಬೇಕು. ಆದರೆ ಚೆಲ್ಲಿದ ಮರುದಿನ ವಾಲ್ವ್ ತಿರುಗದಿದ್ದರೆ? ಕರಪತ್ರ ಹಿಂಡಿದರೆ ನೀರು ಬರುವುದಿಲ್ಲ.

ಇನ್ನು ಲಾರ್ವಾ ಸಮೀಕ್ಷೆ, ಅಂದರೆ ಮನೆಮನೆಯ ನೀರಿನಲ್ಲಿ ಸೊಳ್ಳೆಯ ಮರಿಹುಳ ಹುಡುಕುವುದು. ಟಾರ್ಚು ಬಿಟ್ಟೊಡನೆ, ನೆರಳು ಬಿದ್ದೊಡನೆ ಹುಳಗಳು ಸರ್ರನೆ ತಳಕ್ಕಿಳಿಯುತ್ತವೆ. ಉಸಿರಾಡಲು ಮೇಲೆ ಬರುವವರೆಗೆ ಒಂದೆರಡು ನಿಮಿಷ ಕಾಯಬೇಕು. ದಿನಕ್ಕೆ ಇಷ್ಟು ಮನೆ ಮುಗಿಸಿ ಎಂದು ಗುರಿ ಕೊಟ್ಟರೆ ಕಾಯುವವರು ಯಾರು? ಹತ್ತು ಸೆಕೆಂಡು ಬಗ್ಗಿ, 'ಹುಳ ಇಲ್ಲ' ಎಂದು ಬರೆದು, ಗೋಡೆಗೆ ಚಾಕ್‌ಪೀಸಿನಲ್ಲಿ ತಾರೀಖು ಗೀಚಿದರೆ ಮನೆ ಪಾಸು. ಹುಳ ಕೊಲ್ಲಲು ನೀರಿಗೆ ಹಾಕುವ ಔಷಧಿ ಟೆಮಿಫಾಸ್ ಕತೆಯೂ ಅಷ್ಟೇ. ಶೇ. 1ರ ಹರಳಾದರೆ 10 ಲೀಟರಿಗೆ 1 ಗ್ರಾಂ, ಅಂದರೆ ಡ್ರಮ್ಮಿಗೆ 20 ಗ್ರಾಂ. ಡ್ರಮ್ಮಿನಲ್ಲಿ ಎಷ್ಟು ನೀರಿದೆ ಎಂದು ನೋಡದೆ ತೀರ್ಥದಂತೆ ಪ್ರೋಕ್ಷಿಸಿದರೆ ಹುಳ ಸಾಯುವುದಿಲ್ಲ. ಸರಿಯಾಗಿ ಹಾಕಿದರೂ, ರೆಕ್ಕೆ ಬರುವ ಮುಂಚಿನ ಕೋಶದ (ಪ್ಯೂಪಾ) ಹಂತ ತಲುಪಿದ್ದಕ್ಕೆ ನಾಟುವುದು ಕಷ್ಟ. ಅದು ಏನೂ ತಿನ್ನದೆ ಉಪವಾಸವಿರುತ್ತದೆ.

ಊರಿಗೆ ಇಷ್ಟವಾದದ್ದು ಫಾಗಿಂಗ್. ಫೋಟೋಗೆ ಚೆನ್ನಾಗಿ ಬರುತ್ತದೆ. ಈಡಿಸ್ ಕಚ್ಚುವುದು ಹೆಚ್ಚಾಗಿ ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ. ಗಾಡಿ ಹೊರಡುವುದು ದೀಪ ಹತ್ತಿದ ಮೇಲೆ. ಆಗ ಸೊಳ್ಳೆ ಮನೆಯೊಳಗೆ ಪರದೆಯ ಹಿಂದೆ, ಮಂಚದ ಕೆಳಗೆ ಕೂತಿರುತ್ತದೆ. ಡೀಸೆಲ್ ನಾತಕ್ಕೆ ಹೆದರಿ ಮನೆಯವರು ಕಿಟಕಿ ಹಾಕಿ ಅದನ್ನು ಕಾಪಾಡುತ್ತಾರೆ. ಹೊಗೆ ಕುಡಿಯುವವರು ಗಾಡಿಯ ಹಿಂದೆ ಓಡುವ ಹುಡುಗರು, ಮಿರ್ಚಿ ಮಂಡಕ್ಕಿ ಗಾಡಿಯ ಗಿರಾಕಿಗಳು. ಡ್ರಮ್ಮಿನ ಹುಳಕ್ಕೆ ಹೊಗೆ ತಾಗುವುದೇ ಇಲ್ಲ.

2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ ದಂಡ ಗೊತ್ತುಮಾಡಿತು. ನಗರದಲ್ಲಿ ಹುಳ ಸಿಕ್ಕ ಮನೆಗೆ 400 ರೂಪಾಯಿ, ಅಂಗಡಿ ಹೋಟೆಲಿಗೆ 1000, ಖಾಲಿ ಸೈಟು, ಕಟ್ಟಡ ಕಾಮಗಾರಿಗೆ 2000. ಸೈಟಿನ ಯಜಮಾನರು ಬೆಂಗಳೂರಿನಲ್ಲಿ. ನೋಟಿಸನ್ನು ಮುಳ್ಳುಗಿಡಕ್ಕೆ ಅಂಟಿಸಬೇಕು. ಜಪ್ತಿಯಾಗಿ ಮಳೆಗೆ ನಿಂತ ಬೈಕುಗಳ ಟೈರು, ಸರ್ಕಾರಿ ಕಟ್ಟಡದ ಮೇಲಿನ ಮುಚ್ಚಳವಿಲ್ಲದ ಟ್ಯಾಂಕು ಯಾವ ದರಕ್ಕೆ ಸೇರುತ್ತವೋ? ಸುಲಭಕ್ಕೆ ಕೈಗೆ ಸಿಗುವುದು ಡ್ರಮ್ಮು ಒಂದೇ.

ಅದರ ಬಾಯಿಗೆ ಹಳೆ ಪಂಚೆ ಹೊದಿಸಿ ಸೈಕಲ್ ಟ್ಯೂಬಿನಿಂದ ಬಿಗಿದವರೂ ಪಾರಾಗುವುದಿಲ್ಲ. ದಿನಕ್ಕೆ ಹತ್ತು ಸಲ ಬಿಚ್ಚಿ ಚೊಂಬು ಅದ್ದುವಾಗ ಟ್ಯೂಬು ಸಡಿಲಾಗುತ್ತದೆ, ಸೊಳ್ಳೆಗೆ ಒಂದು ಬೆರಳಿನ ಸಂದು ಸಾಕು. ಯಜಮಾನತಿ 400 ಎಣಿಸಿ ಕೊಟ್ಟು, "ಸಾರ್, ನಾಳೆ ನೀರು ಬಿಡ್ತಾರಾ?" ಅಂದರೆ, "ಅದು ನಮ್ಮ ಸೆಕ್ಷನ್ ಅಲ್ಲಮ್ಮ." ನೀರು ಬಿಡುವುದು ನಡುರಾತ್ರಿ ಎರಡಕ್ಕೆ. ಆ ಹೊತ್ತಿನಲ್ಲಿ ತಿಕ್ಕಲು ಯಾರಿಗೂ ಕೈ ಬರುವುದಿಲ್ಲ. ಡ್ರಮ್ಮು ಕಂಠಮಟ್ಟ ತುಂಬುತ್ತದೆ, ಗೋಡೆಗಂಟಿದ ಮೊಟ್ಟೆಗಳು ನೆನೆಯುತ್ತವೆ.