ಪೊರೆ ಬಲಿಯಲಿ ಎಂದು ಅವರನ್ನು ಕಾಯಿಸಬೇಡಿ

ಮಂಡ್ಯದ ನಮ್ಮ ಹಳ್ಳಿಗಳ ಕಡೆ ವಯಸ್ಸಾದ ಹೆಂಗಸರಿಗೆ ಕಣ್ಣು ಮಂಜಾಯಿತೆಂದರೆ ಮನೆಯವರು ಇಂದಿಗೂ ಹೇಳುವ ಮಾತು ಒಂದೇ: "ಪೊರೆ ಇನ್ನೂ ಬಲಿತಿಲ್ಲ. ಬಲಿಯಲಿ, ಆಮೇಲೆ ತೆಗೆಸೋಣ." ಕಬ್ಬು ಕಡಿದು ಮುಗಿಯಲಿ, ಮೊಮ್ಮಗಳ ಮದುವೆ ಕಳೆಯಲಿ, ಹಬ್ಬ ಆಗಲಿ ಎನ್ನುತ್ತಾ ಅದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ನನ್ನ ದೊಡ್ಡಮ್ಮನ ಮನೆಯಲ್ಲೂ ಇದೇ ನಡೆಯಿತು. ಅದನ್ನು ಹತ್ತಿರದಿಂದ ಕಂಡ ಸಂಕಟಕ್ಕೆ ಇಷ್ಟುದ್ದ ಬರೆಯುತ್ತಿದ್ದೇನೆ.

ಒಂದು ಕಾಲಕ್ಕೆ ಈ ಮಾತಿನಲ್ಲಿ ಹುರುಳಿತ್ತು. ಡಾ. ಎಂ. ಸಿ. ಮೋದಿ ಅವರು ಊರೂರಿನಲ್ಲಿ ಶಿಬಿರ ನಡೆಸಿ ಲಕ್ಷಾಂತರ ಜನರಿಗೆ ದೃಷ್ಟಿ ಕೊಟ್ಟ ದಿನಗಳವು. ಆಗ ಪೊರೆಗಟ್ಟಿದ ಮಸೂರವನ್ನು, ಅಂದರೆ ಕಣ್ಣೊಳಗಿನ ಲೆನ್ಸನ್ನು, ತೆಗೆಯುತ್ತಿದ್ದರು, ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವ ಅನುಕೂಲ ಇರಲಿಲ್ಲ. ಆಪರೇಷನ್ ಆದವರು ಹತ್ತು ಪವರಿನ ಆಸುಪಾಸಿನ ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡೇ ಬದುಕಬೇಕಿತ್ತು. ಆ ಗಾಜಿನೊಳಗೆ ಎಲ್ಲವೂ ಕಾಲು ಭಾಗದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಒಂದೇ ಕಣ್ಣಿಗೆ ಮಾಡಿಸಿದರೆ ಎರಡು ಕಣ್ಣಿನ ನೋಟ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಆದ್ದರಿಂದ ಇದ್ದ ದೃಷ್ಟಿ ಹೆಚ್ಚುಕಡಿಮೆ ಪೂರ್ತಿ ಹೋಗುವವರೆಗೆ ಕಾಯುವುದೇ ಜಾಣತನವಾಗಿತ್ತು.

ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ, ಯುದ್ಧವಿಮಾನದ ಪೈಲಟ್‌ಗಳ ಕಣ್ಣಿಗೆ ಹೊಕ್ಕ ಅಕ್ರಿಲಿಕ್ ಚೂರುಗಳು ಒಳಗೆ ಕೆರಳದೆ ಉಳಿದದ್ದನ್ನು ಗಮನಿಸಿ, 1949ರಲ್ಲಿ ಮೊದಲ ಬಾರಿಗೆ ಕಣ್ಣೊಳಗೆ ಕೃತಕ ಮಸೂರ ಇಟ್ಟರು. 1992ರಲ್ಲಿ ಮದುರೈಯಲ್ಲಿ ಅರೋಲ್ಯಾಬ್ ಶುರುವಾಗಿ ಈ ಲೆನ್ಸ್‌ಗಳನ್ನು ಕಡಿಮೆ ಬೆಲೆಗೆ ಮಾಡತೊಡಗಿದ ಮೇಲೆ ಬಡವರ ಕೈಗೂ ಎಟುಕಿತು. ಕಾಯುವುದಕ್ಕೆ ಇದ್ದ ಕಾರಣ ಅಲ್ಲಿಗೆ ಮುಗಿಯಿತು. ಮಾತು ಮಾತ್ರ ನಮ್ಮ ಜಗಲಿಗಳ ಮೇಲೆ ಉಳಿದುಕೊಂಡಿತು.

ಈಗ ಕಾದರೆ ಕೇಡೇ ಹೆಚ್ಚು. ಬಲಿತ ಪೊರೆಯ ತಿರುಳು ಕಲ್ಲಾಗುತ್ತದೆ. ಎರಡು ಮೂರು ಮಿಲಿಮೀಟರ್ ಸೀಳಿನೊಳಗೆ ಅದನ್ನು ಪುಡಿ ಮಾಡಿ ಹೀರಲು ಹೆಚ್ಚು ಅಲ್ಟ್ರಾಸೌಂಡ್ ಕಂಪನ ಬೇಕು. ಆ ಪೆಟ್ಟು ಬೀಳುವುದು ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆಯಾದ ಕಾರ್ನಿಯಾದ ಒಳಪದರದ ಜೀವಕೋಶಗಳಿಗೆ, ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಇನ್ನೂ ಬಿಟ್ಟರೆ ಮಸೂರ ಊದಿಕೊಂಡೋ ಸೋರಿಯೋ ಕಣ್ಣಿನ ಒತ್ತಡ ಏರುತ್ತದೆ. ಕಣ್ಣು ಕೆಂಪಾಗಿ, ತಲೆ ಸಿಡಿಯುವ ನೋವು ಬಂದು, ಒಮ್ಮೊಮ್ಮೆ ದೃಷ್ಟಿ ಶಾಶ್ವತವಾಗಿ ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗಂತೂ ದಟ್ಟ ಪೊರೆಯ ಹಿಂದೆ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಹೇಗಿದೆ ಎಂದು ವೈದ್ಯರಿಗೆ ಕಾಣುವುದೇ ಇಲ್ಲ. ದಿನದ ಕೆಲಸಕ್ಕೆ ಮಂಜು ಅಡ್ಡ ಬರುತ್ತಿದೆ, ಪರೀಕ್ಷೆಯಲ್ಲೂ ಪೊರೆಯೇ ಕಾರಣವೆಂದು ಗೊತ್ತಾಗಿದೆ ಎಂದರೆ ಅದೇ ತಕ್ಕ ಸಮಯ.

ಆದರೆ ನನ್ನ ಸಿಟ್ಟಿರುವುದು ತಿಳಿಯದವರ ಮೇಲಲ್ಲ. ದೊಡ್ಡಪ್ಪನಿಗೆ ಸ್ಕೂಟರ್ ಓಡಿಸಲು ಕಷ್ಟವಾಗುತ್ತಿದೆ ಎಂದ ಕೂಡಲೇ ಮೈಸೂರಿಗೆ ಕರೆದೊಯ್ದು ಮಾಡಿಸಿದರು. ಆಗ ಯಾರಿಗೂ ಪೊರೆ ಬಲಿಯುವ ಯೋಚನೆ ಬರಲಿಲ್ಲ. ದೊಡ್ಡಮ್ಮ ಮಾತ್ರ ಒಲೆ ಮುಂದೆ ಕೈ ಸುಟ್ಟುಕೊಳ್ಳುತ್ತಾ, ಅಕ್ಕಿಯಲ್ಲಿನ ಕಲ್ಲನ್ನು ಬೆರಳಿನಲ್ಲಿ ತಡವಿ ಹುಡುಕುತ್ತಾ ಕಾಯಬೇಕಾಯಿತು. "ಈ ವಯಸ್ಸಿನಲ್ಲಿ ಅವ್ವನಿಗೆ ಇನ್ನು ನೋಡಬೇಕಾದ್ದೇನಿದೆ?" ಎಂದು ಅಣ್ಣ ಕೇಳಿದ. ಅವಳ ಎದುರಿಗೇ ಕೇಳಿದ. ಹೆಂಗಸು ಮನೆಯೊಳಗೇ ಇರುತ್ತಾಳೆ, ತಡವಿಕೊಂಡು ಹೇಗೋ ನಡೆಸುತ್ತಾಳೆ ಎಂಬ ಧೈರ್ಯ ಇದು. 2015–19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐವತ್ತು ದಾಟಿದವರ ಕುರುಡುತನದ ಸುಮಾರು ಮೂರನೇ ಎರಡು ಭಾಗಕ್ಕೆ ಪೊರೆಯೇ ಕಾರಣ ಎಂದು ಕಂಡುಬಂತು. ತೆಗೆದರೆ ಹೋಗುವ ಪೊರೆ! ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಆಗುವ ಕೆಲಸ. ದುಡ್ಡಿನ ನೆಪ ಹೇಳುವ ಎಷ್ಟೋ ಮನೆಗಳಲ್ಲಿ ನಿಜವಾಗಿ ಇಲ್ಲದಿರುವುದು ಒಂದು ದಿನ ಕೈ ಹಿಡಿದು ಕರೆದೊಯ್ಯುವ ಮನಸ್ಸು.

ಕೊನೆಗೆ ಬಲಗಣ್ಣಿಗೆ ಆಯಿತು. ಪಟ್ಟಿ ಬಿಚ್ಚಿದ ಮೇಲೆ ದೊಡ್ಡಮ್ಮ ಜಗಲಿಯಲ್ಲಿ ಕುಳಿತು ಮೊರದಲ್ಲಿದ್ದ ಮಲ್ಲಿಗೆ ಮೊಗ್ಗನ್ನು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ಮತ್ತೆ ಮತ್ತೆ ನೋಡಿದರು. "ನೋಡಮ್ಮ, ಈ ಕಣ್ಣಿಗೆ ಬೆಳ್ಳಗಿದೆ. ಎಡಗಣ್ಣಿಗೆ ಟೀ ಸೊಪ್ಪಿನ ನೀರಿನಲ್ಲಿ ಅದ್ದಿದ ಹಾಗೆ ಕಾಣುತ್ತದೆ," ಎಂದರು. ವಯಸ್ಸಾದಂತೆ ಮಸೂರ ಹಳದಿಗಟ್ಟುತ್ತಾ ಹೋಗುತ್ತದೆ, ನಿಧಾನವಾಗಿ ಆಗುವುದರಿಂದ ಬಣ್ಣ ಕಳೆದುಹೋದದ್ದು ಅವರಿಗೇ ತಿಳಿದಿರುವುದಿಲ್ಲ. ನೀಲಿಯಂತೂ ಹೊಸದಾಗಿ ಹುಟ್ಟಿದಂತೆ ಕಾಣುತ್ತದೆ.

ಇಷ್ಟಕ್ಕೇ ಎಲ್ಲವೂ ಸರಿಹೋಯಿತು ಎಂದುಕೊಳ್ಳಬಾರದು. ಸಾಮಾನ್ಯವಾಗಿ ಹಾಕುವ ಲೆನ್ಸ್ ದೂರದ ನೋಟಕ್ಕೆ ಹೊಂದಿಸಿರುವಂಥದ್ದು. ಸೂಜಿಗೆ ದಾರ ಪೋಣಿಸಲು, ಪತ್ರಿಕೆ ಓದಲು ಕನ್ನಡಕ ಬೇಕೇ ಬೇಕು. ಇದನ್ನು ಮೊದಲೇ ಹೇಳದಿದ್ದರೆ ಆಪರೇಷನ್ ಕೆಟ್ಟಿತೆಂದು ಕೊರಗುತ್ತಾರೆ. ಗ್ಲಾಕೋಮಾ ಕಾಯಿಲೆಯಿಂದ ಕಣ್ಣಿನ ನರ ಹಾಳಾಗಿದ್ದರೆ, ಸಕ್ಕರೆಯಿಂದ ರೆಟಿನಾ ಕೆಟ್ಟಿದ್ದರೆ ಲೆನ್ಸ್ ಬದಲಿಸಿದ ಮಾತ್ರಕ್ಕೆ ಆ ನಷ್ಟ ತುಂಬುವುದಿಲ್ಲ. "ಇವರ ಕಣ್ಣಿಗೆ ಎಷ್ಟು ದೃಷ್ಟಿ ಬರಬಹುದು?" ಎಂದು ಮೊದಲೇ ಕೇಳಿ, ಕೇಳುವುದು ನಮ್ಮ ಹಕ್ಕು. ತಿಂಗಳುಗಳೋ ವರ್ಷಗಳೋ ಕಳೆದು ಮತ್ತೆ ಮಂಜಾದರೆ ಪೊರೆ ಮರಳಿ ಬಂತೆಂದು ಗಾಬರಿ ಬೇಡ. ಅದು ಬಹುಪಾಲು ಲೆನ್ಸ್ ಹಿಂದಿನ ತೆಳುಪದರ ಮಸುಕಾಗಿರುವುದು, ಲೇಸರಿನಲ್ಲಿ ಕೆಲವೇ ನಿಮಿಷಗಳಲ್ಲಿ ಸರಿಯಾಗುತ್ತದೆ. ಆದರೆ ಆಪರೇಷನ್ ಆದ ಮೊದಲ ದಿನಗಳಲ್ಲಿ ನೋವು, ಕೆಂಪು ಏರುತ್ತಾ ದೃಷ್ಟಿ ಇಳಿಯುತ್ತಿದ್ದರೆ ಮರುದಿನಕ್ಕೆ ಬಿಡಬೇಡಿ, ಅಂದೇ ಓಡಿ. ಅದು ಸೋಂಕಾಗಿರಬಹುದು.

ಎರಡನೇ ಕಣ್ಣನ್ನು ಮರೆಯುವ ಮನೆಗಳೇ ಹೆಚ್ಚು. "ಒಂದು ಕಾಣುತ್ತದಲ್ಲ, ಸಾಕು" ಎನ್ನುತ್ತಾರೆ. ಎರಡು ಕಣ್ಣಿನ ನೋಟದಲ್ಲಿ ಅಂತರ ದೊಡ್ಡದಿದ್ದರೆ ಮೆಟ್ಟಿಲಿನ ಆಳ ಸರಿಯಾಗಿ ಅಂದಾಜಿಗೆ ಸಿಗುವುದಿಲ್ಲ, ಬಚ್ಚಲ ಹೊಸಿಲು ಎಡವುತ್ತದೆ. ಸೊಂಟದ ಮೂಳೆ ಮುರಿದ ಮೇಲೆ ಖರ್ಚಿನ ಲೆಕ್ಕ ಹಾಕಿ ಏನು ಫಲ? ದೊಡ್ಡಮ್ಮನ ಎಡಗಣ್ಣಿಗೆ ದಿನ ಗೊತ್ತಾಗಿದೆ. ಈ ಸಲ ಅಣ್ಣನನ್ನು ಕೇಳಲು ಹೋಗಿಲ್ಲ, ನಾನೇ ಕರೆದೊಯ್ಯುತ್ತೇನೆ.

ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯವರು, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಜೊತೆಗೆ ಬರುವವರಿಲ್ಲ ಎಂಬ ಒಂದೇ ಕಾರಣಕ್ಕೆ ಕುಳಿತಿರುವ ಅಜ್ಜಿ ಇದ್ದರೆ ನನಗೆ ಸಂದೇಶ ಕಳುಹಿಸಿ. ಅವರ ಆಧಾರ್ ಕಾರ್ಡ್, ಸಕ್ಕರೆ–ಬಿಪಿ ಚೀಟಿ, ಈಗ ನುಂಗುತ್ತಿರುವ ಮಾತ್ರೆಗಳು ಇಷ್ಟನ್ನು ಎತ್ತಿಟ್ಟಿರಿ. ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುವ ಹೊಣೆ ನನ್ನದು.